ಬೀಮಿನೊಳಗೆ ಕೂತ ಆಸ್ಪತ್ರೆ ಚೀಟಿ

ಐಪ್ಪಸಿ ತಿಂಗಳ ಮಳೆ ಹಿಡಿದಿದೆ. ಕೊಯಮತ್ತೂರು ಬಳಿಯ ಸೋಮನೂರಿನ ನೇಕಾರರಿಗೆ ಇದು ಒಳ್ಳೆಯ ಕಾಲ. ಗಾಳಿಯಲ್ಲಿ ತೇವವಿದ್ದರೆ ನೂಲು ಹರಿಯುವುದು ಕಡಿಮೆ. ಬೆಳಗಿನ ಐದೂವರೆಗೆ ಲಿಂಗಪ್ಪನ್ ಅವರ ಶೆಡ್ಡಿನಲ್ಲಿ ಮೂರು ಮಗ್ಗ ಗಡಗಡಿಸುತ್ತಿವೆ, ನಾಲ್ಕನೆಯದು ನಿಂತಿದೆ. ಅದರ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತು ಪೆರಿಯನಾಯಕಿ ಎಳೆಗೆ ಎಳೆ ಸೇರಿಸುತ್ತಿದ್ದಾರೆ. ನೇಯ್ದು ಮುಗಿದ ಹಾಸಿನ, ಅಂದರೆ ಉದ್ದೆಳೆಗಳ ಸಾಲಿನದೊಂದು, ಹೊಸ ಹಾಸಿನದೊಂದು. ಬೂದಿ ಮುಟ್ಟಿದ ಬೆರಳಲ್ಲಿ ಒಮ್ಮೆ ಹೊಸೆದರೆ ಎರಡೂ ಕೂಡಿಕೊಳ್ಳುತ್ತವೆ. ಹೀಗೆ ಎರಡು ಸಾವಿರದ ನಾನೂರು ಎಳೆ. ಎಂಟು ತಿಂಗಳು ದಾಟಿದ ಹೊಟ್ಟೆ ಅಡ್ಡ ಬರುವುದರಿಂದ ಕೈ ಚಾಚಿ ದುಡಿಯಬೇಕು.

"ಒಂದೆಳೆ ಬಿಟ್ರೆ ಬಟ್ಟೆ ಉದ್ದಕ್ಕೂ ಗೀರು ಬಿದ್ದೋಗುತ್ತಣ್ಣಾ. ತಪ್ಪಾದಾಗ ಮಾತ್ರ ನಮ್ಮ ಹೆಸರು ಕೇಳ್ತಾರೆ," ಎನ್ನುತ್ತಾರೆ ಅವರು, ಮಾತಾಡಿಸಲು ಬಂದ ನನ್ನತ್ತ ತಿರುಗಿ.

"ನಿನ್ನ ಮಗು ಹುಟ್ಟುವಾಗ್ಲೇ ಎಳೆ ಹೊಸೆಯೋದು ಕಲ್ತು ಬರುತ್ತೆ ಬಿಡು," ಎಂದು ಲಿಂಗಪ್ಪನ್ ಕೆಣಕುತ್ತಾರೆ.

"ಬರ್ಲಿ ಮಾಮಾ. ನಿಮ್ಮ ನಾಲ್ಕು ಮಗ್ಗಕ್ಕೂ ಅದೊಂದೇ ಸಾಕು."

ಪೆರಿಯನಾಯಕಿಗೆ ಇಪ್ಪತ್ತೇಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಹನ್ನೆರಡನೆಯ ವಯಸ್ಸಿನಲ್ಲಿ ತಾಯಿಯ ಪಕ್ಕ ಕೂತು ಕಲಿತ ಕೆಲಸ. ದಿನಕ್ಕೆ ಎರಡು ಹಾಸು, ಒಮ್ಮೊಮ್ಮೆ ಮೂರು. ಒಮ್ಮೆ ಮಾತ್ರ ಐದು ತಿಂಗಳು ಕೂರಲಾಗಲಿಲ್ಲ. ಅದು ಮೂರು ವರ್ಷದ ಹಿಂದೆ, ಎಂಬತ್ಮೂರರಲ್ಲಿ, ಮೊದಲ ಮಗಳು ಹೊಟ್ಟೆ ಕೊಯ್ದು ಹುಟ್ಟಿದಾಗ. ಕಾಲು ಮಡಚಿದರೆ ಹೊಲಿಗೆ ಎಳೆಯುತ್ತಿತ್ತು. ಅದನ್ನು ಅವರು ಹೆಚ್ಚು ಹೇಳಿಕೊಳ್ಳುವುದಿಲ್ಲ.

"ಮೂಗಿಗೆ ಏನೋ ಹಿಡಿದ್ರು, ಕಣ್ಣು ಕತ್ಲೆ ಆಯ್ತು. ಎದ್ದಾಗ ಸಾಯಂಕಾಲ. ಪಾಪ ಅತ್ತು ಮುಗ್ಸಿ ಮಲಗಿತ್ತು. ಊರೆಲ್ಲಾ ನೋಡಿ ಆದ್ಮೇಲೆ ನಾನು ನೋಡ್ದೆ."

ಈ ಸಲ ಎಚ್ಚರವಿದ್ದು ಹೆರಬೇಕು. ಅವರ ಆಸೆ ಇಷ್ಟೇ. ಏಳನೆಯ ತಿಂಗಳಲ್ಲಿ ಬಸ್ಸು ಹತ್ತಿ ಕೊಯಮತ್ತೂರಿನ ದೊಡ್ಡಾಸ್ಪತ್ರೆಗೆ ಹೋಗಿ ಅದನ್ನೇ ಕೇಳಿದರು. ಡಾಕ್ಟರಮ್ಮ ಬೈಯಲಿಲ್ಲ. ಹಳೆಯ ಚೀಟಿ ತರಲು ಹೇಳಿದರು. ಒಳಗೆ ಗರ್ಭಕೋಶವನ್ನು ಅಡ್ಡ ಕೊಯ್ದಿದ್ದರೆ ಪ್ರಯತ್ನಿಸಬಹುದು, ಉದ್ದ ಕೊಯ್ದಿದ್ದರೆ ಆಗದು. ಮೇಲಿನ ಗಾಯ ನೋಡಿ ಅದು ತಿಳಿಯುವುದಿಲ್ಲ. ಆಗ ಕೊಯ್ದ ನರ್ಸಿಂಗ್ ಹೋಂ ಮುಚ್ಚಿಹೋಗಿದೆ. ಉಳಿದದ್ದು ಚೀಟಿಯೊಂದೇ.

ಟ್ರಂಕನ್ನು ಬೋರಲು ಹಾಕಿ ಹುಡುಕುವಾಗ ಅತ್ತೆ ಅಂಗಮ್ಮ ಬಾಗಿಲಿಗೆ ಬಂದು ಮಗ್ಗದತ್ತ ಕೈ ತೋರಿಸಿದರು. ಹಾಸನ್ನು ಮಗ್ಗದ ಹಿಂದಿನ ಉರುಳೆಯಾದ ಬೀಮಿಗೆ ಸುತ್ತುವಾಗ ಅಂಚಿನ ಎಳೆಗಳು ಒಳಕ್ಕೆ ಇಳಿಯದಂತೆ ನಡುನಡುವೆ ಗಟ್ಟಿ ಕಾಗದ ಇಡುವುದು ಮನೆಯ ವಾಡಿಕೆ. ಓದಲು ಬಾರದ ಅಂಗಮ್ಮ ಕೈಗೆ ಸಿಕ್ಕ ಆಸ್ಪತ್ರೆ ಚೀಟಿಯ ಗಟ್ಟಿ ಹಾಳೆಯನ್ನೂ ಇಟ್ಟುಬಿಟ್ಟಿದ್ದರು. ಆ ಬೀಮು ಆಗಲೇ ಮನೆಯ ಮಗ್ಗಕ್ಕೇರಿತ್ತು.

ಬಿಚ್ಚಿ ತೆಗೆಯಬಾರದೇ ಎಂದು ಕೇಳಿದರೆ ಗಂಡ ದಂಡಪಾಣಿ ತಲೆಯಾಡಿಸುತ್ತಾರೆ. "ಬಿಚ್ಚಿದ್ರೆ ಎಳೆ ಎಲ್ಲಾ ಸಿಕ್ಕಾಗಿ ಪಾವೇ, ಇಡೀ ಹಾಸೇ ಹೋಗುತ್ತೆ ಸಾರ್. ನೂಲು ನಮ್ದಲ್ಲ, ಕೊಟ್ಟೋರ್ದು. ನೇಯ್ದೇ ತೀರಿಸ್ಬೇಕು."

ಕರೆಂಟು ಬಂದಾಗಲೆಲ್ಲ ಅವರು ನೇಯ್ದರು. ಐದು ವಾರ ಬೀಮು ಸಣ್ಣದಾಗುತ್ತಾ ಬಂತು, ಹೊಟ್ಟೆ ದೊಡ್ಡದಾಗುತ್ತಾ ಬಂತು. ಅಂಗಮ್ಮ ಎಲೆಯಡಿಕೆ ಬಿಟ್ಟು ಮಗ್ಗದ ಹಿಂದೆಯೇ ಮಣೆ ಹಾಕಿಕೊಂಡರು. "ಅವ್ಳಿಗೆ ನಾನು ಕೊಡ್ಬೇಕಾದ ಕಾಗದ. ಕೊಟ್ಮೇಲೇ ಬಾಯಿ ಕೆಂಪಾಗೋದು," ಎಂದರೆ ಸೊಸೆ ನಗುತ್ತಿದ್ದರು: "ನೋಡಿ ಅತ್ತೆ, ನೀವು ಉಗಿಯೋದು ಬಿಟ್ಮೇಲೆ ಹಿತ್ಲು ಗೋಡೆ ಎಷ್ಟು ಬೆಳ್ಳಗಾಗಿದೆ!"

ಕಳೆದ ಗುರುವಾರ ಮಧ್ಯಾಹ್ನ ಅಂಚಿನಿಂದ ಹಾಳೆಯೊಂದು ಜಾರಿ ಕೆಳಗೆ ಬಿತ್ತು. ಗಂಜಿ ಅಂಟಿ, ಮೇಲೆಲ್ಲ ನೂಲಿನ ಗೀರು ಮೂಡಿದ್ದರೂ ಅಕ್ಷರ ಉಳಿದಿತ್ತು. ಅಂಗಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಎರಡೂ ಕೈಯಲ್ಲಿ ಚಾಚಿದರು. "ತಗೋ ಅಮ್ಮಣಿ. ತೀರ್ತು."

ಡಾಕ್ಟರಮ್ಮ ಓದಿ ಹೇಳಿದ್ದಾರೆ: ಅಡ್ಡ ಕೊಯ್ತ, ಪ್ರಯತ್ನಿಸೋಣ. ಮನೆಯಲ್ಲಿ ಅಲ್ಲ, ನೋವು ಬಂದ ಕೂಡಲೇ ಇಲ್ಲಿಗೆ ಬರಬೇಕು. ತೊಂದರೆ ಕಂಡರೆ ಮತ್ತೆ ಕೊಯ್ಯಲೇಬೇಕು. ಪೆರಿಯನಾಯಕಿ ಎಲ್ಲಕ್ಕೂ ಹೂಂ ಅಂದಿದ್ದಾರೆ. ಇನ್ನು ಮೂರು ವಾರ.

ಲಿಂಗಪ್ಪನ್ ಅವರ ನಾಲ್ಕನೆಯ ಮಗ್ಗವೂ ಈಗ ಓಡುತ್ತಿದೆ. ಪೆರಿಯನಾಯಕಿ ಗೋಡೆ ಹಿಡಿದು ಎದ್ದು ಬೆನ್ನು ನೀವಿಕೊಳ್ಳುತ್ತಾರೆ.

"ದೊಡ್ಡವಳು ಹುಟ್ಟಿದಾಗ ಹೇಗೆ ಅತ್ತಳು ಅಂತ ಮೂರು ವರ್ಷದಿಂದ ಅತ್ತೇನ ಕೇಳ್ತಾನೇ ಇದ್ದೀನಣ್ಣಾ. ಪಾಪ, ಅವ್ರೂ ಅತ್ತು ತೋರಿಸ್ತಾರೆ. ಒಂದೊಂದ್ಸಲ ಒಂದೊಂದು ಥರ. ಈ ಸಲ ಅವ್ರು ಹೊರಗೆ ಕೂತಿರ್ಲಿ. ನಾನು ಬಂದು ಅತ್ತು ತೋರಿಸ್ತೀನಿ."