ಅತ್ತೆಯ ಹೆಬ್ಬೆರಳಿನ ರೂಪಾಯಿ

ಈ ಸಲ ದೀಪಾವಳಿಯ ಮುಂಚೆ ಕಪಾಟು ತೆರೆದಾಗ ಮೊದಲು ಬಂದದ್ದು ವಾಸನೆ. ನೆನೆದ ರೇನ್‌ಕೋಟನ್ನು ಒಣಗಿಸದೆ ಮಡಿಚಿಟ್ಟರೆ ಬರುತ್ತದಲ್ಲ, ಅಂಥದು. ಮೂಸುತ್ತ ಹೋದರೆ ನಮ್ಮ ಯಜಮಾನರ ನಾಣ್ಯದ ಆಲ್ಬಮ್ಮು. ಅದರ ಮೆತ್ತನೆ ಪ್ಲಾಸ್ಟಿಕ್ ಹಾಳೆಗಳು ಬೆವೆತು ಅಂಟಂಟಾಗಿದ್ದವು, ತಾಮ್ರದ ನಾಣ್ಯಗಳಿಗೆ ಹಸಿರು ಹತ್ತಿತ್ತು. ಅವರು ಹೋದ ಮೇಲೆ ನಾನದನ್ನು ಮುಟ್ಟಿರಲಿಲ್ಲ. ಮುಟ್ಟಬೇಡ ಎಂದೇ ಅಲ್ಲವೆ ಅವರು ಜನ್ಮವಿಡೀ ಹೇಳಿದ್ದು?

ಅವರು ಮರಾಠಿ ಸೀಮೆಯ ಉದಗೀರ–ಉಮರ್ಗಾ ಬಸ್ಸಿನ ಕಂಡಕ್ಟರು. ಕಾಸಾರಶಿರಸಿಯಲ್ಲಿ ಹತ್ತಿದ ಯಾವುದೋ ಮುದುಕಿ ಸೆರಗಿನ ಗಂಟು ಬಿಚ್ಚಿ ನಿಜಾಮನ ಕಾಲದ ನಾಣ್ಯ ಕೊಟ್ಟರೆ, ಟಿಕೆಟಿನ ದುಡ್ಡನ್ನು ಸ್ವಂತ ಜೇಬಿನಿಂದ ಹಾಕಿ, ಅದನ್ನು ಕರವಸ್ತ್ರದಲ್ಲಿ ಕಟ್ಟಿ ತರುತ್ತಿದ್ದರು. ಬಸ್ಸಿನಲ್ಲಿ "ಚಲಾ, ಪುಢೆ ಸರಕಾ" ಎಂದು ಜನರನ್ನು ಮುಂದೆ ಸರಿಸಲು ಕಿರುಚುವ ಮನುಷ್ಯ ನಾಣ್ಯ ಹಿಡಿದರೆ ಪಿಸುಮಾತಾಡುತ್ತಿದ್ದರು. ನನ್ನ ಜೊತೆ ಹಾಗೆ ಮಾತಾಡಿದ್ದು ಕಡಿಮೆ ಬಿಡಿ.

ನನ್ನ ತವರು ಭಾಲ್ಕಿಯ ಕಡೆ. ನಮ್ಮಲ್ಲಿ ಲಕ್ಷ್ಮೀಪೂಜೆಗೆ ಇಡುವ ನಾಣ್ಯವನ್ನು ಹುಣಸೆಹುಳಿ ಹಚ್ಚಿ ಥಳಥಳ ತಿಕ್ಕಬೇಕು. ಮದುವೆಯಾದ ಮೊದಲ ದೀಪಾವಳಿ, ಅತ್ತೆಯ ಊರಿನ ಮನೆಯಲ್ಲಿ ಇವರ ಹಳೆ ನಾಣ್ಯ ತಿಕ್ಕಲು ನಾನು ಹುಳಿ ನೆನೆಸಿಕೊಂಡು ಬಂದದ್ದನ್ನು ನೋಡಿ ಇವರು ಅಡ್ಡ ನಿಂತರು. ಸಿಟ್ಟು ಬಂದರೆ ಮರಾಠಿ.

"ಅಗ, ಹಾತ್ ಲಾವೂ ನಕೊ! ಮುಟ್ಟಬ್ಯಾಡ! ತಿಕ್ಕಿದ್ರ ಅದರ ಮಾರಿ ಹೋಗ್ತದ. ಅಂಚ ಹಿಡಿ, ಅಂಚ!"

"ದೇವರ ಮುಂದ ಹೊಲಸ ರೊಕ್ಕಾ ಇಡಬೇಕೇನ್ರೀ?"

ಅತ್ತೆ ಒಳಗಿನಿಂದ ಬಂದು ತೀರ್ಪು ಕೊಟ್ಟರು. "ನನ್ನ ಬೆಳ್ಳಿ ರೂಪಾಯಿ ಇಡವಾ. ತಿಕ್ಕಾದೇನ ಬ್ಯಾಡ. ಭಂಡಾರ ಹಚ್ಚಿದ್ರ ಬೀರಪ್ಪಗ ಅಷ್ಟ ಸಾಕು."

ಹೆಬ್ಬೆರಳಿಗೆ ಎಣ್ಣೆ ಸವರಿ, ಮನೆದೇವರು ಬೀರಪ್ಪನ ಭಂಡಾರ, ಅಂದರೆ ಅರಿಶಿನಪುಡಿಯಲ್ಲಿ ಅದ್ದಿ, ರೂಪಾಯಿಯ ಮೇಲೆ ಒತ್ತಿದರು. ಪ್ರತಿ ವರ್ಷ ಹಾಗೆಯೇ, ಹಿಂದಿನ ಗುರುತನ್ನು ಒರೆಸದೆ ಅದರ ಮೇಲೆಯೇ ಒತ್ತುತ್ತಿದ್ದರು. ಕುರಿ ಕಾಯ್ದ ಕೈ, ಗೆರೆಗಳು ದಪ್ಪಗೆ ಮೂಡುತ್ತಿದ್ದವು.

ಆಮೇಲೆ ತೊಂಬತ್ಮೂರರ ಭೂಕಂಪ. ನಾವಿಬ್ಬರು ನಿಲಂಗಾದಲ್ಲಿದ್ದೆವು, ಅತ್ತೆ ಊರಲ್ಲಿದ್ದರು. ಮಣ್ಣಿನಡಿ ಮೊದಲು ಅವರು ಸಿಕ್ಕರು, ನಂತರ ಅವರ ಸಂದೂಕು. ಒಳಗೆ ಬಟ್ಟೆಯ ಗಂಟಿನಲ್ಲಿ ಆ ರೂಪಾಯಿ, ಅದರ ಮೇಲೆ ಅವರ ಹೆಬ್ಬೆರಳಿನ ಗುರುತು. ಅತ್ತೆಯದೊಂದು ಫೋಟೊ ಕೂಡ ನಮ್ಮಲ್ಲಿರಲಿಲ್ಲ. ಇವರು ಉದಗೀರಿನಿಂದ ಹೊಸ ಆಲ್ಬಮ್ ತಂದು ಆ ರೂಪಾಯಿಯನ್ನು ಮೊಟ್ಟಮೊದಲ ಕಿಸೆಯಲ್ಲಿಟ್ಟರು.

"ಇನ್ನ ಇದಕ್ಕ ಗಾಳಿ ಸುದ್ದಾ ತಾಕಲ್ಲ," ಅಂದರು. ಅಂದಿನಿಂದ ನಮ್ಮ ಪೂಜೆಗೆ ಚಿಲ್ಲರೆ ನಾಣ್ಯ.

ಈಗ ಅದೇ ಆಲ್ಬಮ್ ಹೊತ್ತು ನಾನೊಬ್ಬಳೇ ಉದಗೀರಿಗೆ ಹೋದೆ. ನಾಣ್ಯದಂಗಡಿಯವನು ಮೂಸಿ ಮುಖ ಕಿವುಚಿದ.

"ಕಾಕೂ, ಈ ಮೆತ್ತನ್ ಪ್ಲಾಸ್ಟಿಕ್ಕೇ ವೈರಿ ನೋಡ್ರಿ. ಹಳೇದಾದ್ರ ಜಿಡ್ಡ ಬಿಡ್ತದ, ನಾಣ್ಯಾ ತಿಂತದ. ಒಗದಬಿಡ್ರಿ."

ನಡುವೆ ತೆಳು ಕಿಟಕಿಯಿರುವ ರಟ್ಟಿನ ಚೌಕಗಳನ್ನೂ ಕೆಲವು ಗಟ್ಟಿ ದುಂಡು ಡಬ್ಬಿಗಳನ್ನೂ ಕೊಟ್ಟ.

ಮನೆಗೆ ಬಂದು, ಕೈ ತೊಳೆದು ಒರೆಸಿ, ಮೆತ್ತನೆ ಬಟ್ಟೆ ಹಾಸಿ ಕೂತೆ. ಅಂಚು ಹಿಡಿದೇ ಒಂದೊಂದನ್ನೂ ಹೊಸ ಮನೆಗೆ ಸೇರಿಸಿದೆ. ಶಹಬ್ಬಾಸ್ ಎನ್ನುವವರಿಲ್ಲದಿದ್ದರೂ ಕೆಲಸ ಚೆನ್ನಾಗಿಯೇ ಆಯಿತು. ಕಡೆಗೆ ಅತ್ತೆಯ ರೂಪಾಯಿ. ಕಚ್ಚಿಕೊಂಡಿತ್ತು. ಉಸಿರು ಬಿಗಿಹಿಡಿದು ಬಿಡಿಸಿದೆ. ನಾಣ್ಯ ಬೋಳಾಗಿ ಬಂತು. ಭಂಡಾರವೆಲ್ಲ ಪ್ಲಾಸ್ಟಿಕ್ಕಿಗೆ ಹತ್ತಿ, ಹೆಬ್ಬೆರಳಿನ ಗೆರೆಗಳು ಅಲ್ಲೇ ಉಳಿದಿದ್ದವು.

"ನೋಡ್ರೀ ಇಲ್ಲಿ!" ಎಂದು ಕೂಗಿಬಿಟ್ಟೆ. ನೋಡಲು ಮನೆಯಲ್ಲಿ ಯಾರಿದ್ದರು? ಅಳು ಬಂತು, ತಡೆಯಲಿಲ್ಲ.

ಒಗೆಯಬೇಕಾದ ಪ್ಲಾಸ್ಟಿಕ್ಕಿನಿಂದ ಆ ತುಂಡನ್ನು ಕತ್ತರಿಸಿ, ತಂದದ್ದರಲ್ಲೇ ಒಳ್ಳೆಯ ಡಬ್ಬಿಯಲ್ಲಿಟ್ಟು ಮುಚ್ಚಿದೆ. ಅದರ ಜಿಡ್ಡು ಉಳಿದವಕ್ಕೆ ತಾಕಬಾರದೆಂದು ಬೇರೆ ಗೂಡಿನಲ್ಲಿಟ್ಟಿದ್ದೇನೆ. ಅಂಗಡಿಯವನಿಗೆ ಗೊತ್ತಾದರೆ ನಗುತ್ತಾನೆ. ನಗಲಿ.

ರೂಪಾಯಿ ಮಾತ್ರ ಹೊರಗೆ ಉಳಿಯಿತು. ಲಕ್ಷ್ಮೀಪೂಜೆಯ ಸಂಜೆ ನನ್ನ ಹೆಬ್ಬೆರಳಿಗೆ ಎಣ್ಣೆ ಸವರಿ, ಭಂಡಾರದಲ್ಲಿ ಅದ್ದಿ, ಅದರ ಮೇಲೆ ಒತ್ತಿದೆ. ಒತ್ತಿದವಳು ಹಾಗೆಯೇ ಕೂತೆ, "ಹಾತ್ ಲಾವೂ ನಕೊ" ಎಂಬ ಇವರ ದನಿಗೆ ಕಾದು. ದೀಪದ ಎಣ್ಣೆ ತೀರುತ್ತ ಬಂತು. ಆಮೇಲೆ ಬೆರಳು ಎತ್ತಿದೆ.