ಉಣ್ಣದ ತಟ್ಟೆ

ಮೊನ್ನೆ ಹೂಡಿಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಕೈ ತೊಳೆಯಲು ಹೋದಾಗ ಪಕ್ಕದಲ್ಲಿ ಎಂಜಲು ತಟ್ಟೆಗಳ ರಾಶಿ ಇತ್ತು. ಆರಿದ ಸಾರು, ಸೋಪಿನ ಪುಡಿ, ಒದ್ದೆ ಸ್ಟೀಲು, ಮೂರೂ ಬೆರೆತ ವಾಸನೆ. ಕೈ ತೊಳೆಯದೆ ಅಲ್ಲೇ ನಿಂತುಬಿಟ್ಟೆ. ಆ ವಾಸನೆ ಬಂದರೆ ನನಗೆ ಹಾಸ್ಟೆಲಿನ ಮೆಸ್ ಅಕ್ಕ ನೆನಪಾಗುತ್ತಾರೆ.

ಅದು ಲಾಕ್‌ಡೌನಿನ ಕಾಲ. ಕಾಡುಗೋಡಿಯ ಆಚೆಗಿದ್ದ ಎಂಜಿನಿಯರಿಂಗ್ ಕಾಲೇಜು ನಮ್ಮದು. ಊರಿಗೆ ಹೋಗಲಾಗದೆ ಉಳಿದ ಹುಡುಗಿಯರು ಇಪ್ಪತ್ತು ಮಂದಿ ಇದ್ದೆವೇನೋ... ಒಬ್ಬಳಿಗೆ ಸೋಂಕು ಬಂದ ಮೇಲೆ ಕೋಣೆಗೊಬ್ಬರಂತೆ ಕೂಡಿಹಾಕಿದರು. ಒಬ್ಬರ ಕೋಣೆಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಕ್ಲಾಸು ಫೋನಿನಲ್ಲಿ, ಊಟ ಬಾಗಿಲಲ್ಲಿ. ಅಕ್ಕ ತಟ್ಟೆಯಿಟ್ಟು ಬಾಗಿಲು ತಟ್ಟಿ ಹೋಗುತ್ತಿದ್ದರು, ಆಮೇಲೆ ಬಂದು ಖಾಲಿ ತಟ್ಟೆ ಒಯ್ಯುತ್ತಿದ್ದರು. ಬಾಗಲಕೋಟೆ ಕಡೆಯವರು. ಗಂಡ ಮಕ್ಕಳು ಕಾಡುಗೋಡಿಯ ಶೆಡ್ಡಿನಲ್ಲಿ, ಇವರು ಗೇಟಿನ ಒಳಗೆ. ಅವರೂ ನಮ್ಮಂತೆಯೇ ಸಿಕ್ಕಿಹಾಕಿಕೊಂಡವರು ಎಂದು ಆಗ ನನಗೆ ಹೊಳೆಯಲೇ ಇಲ್ಲ.

ಎದುರು ಕೋಣೆಯ ಪಲ್ಲವಿ ನನ್ನ ಗೆಳತಿ. ಮೊದಲು ಕ್ಲಾಸು ಬಿಟ್ಟಳು. ಅವಳ ಪಾಸ್‌ವರ್ಡ್ ಹಾಕಿ ಅವಳ ಹೆಸರಿನಲ್ಲಿ ನಾನೇ "ಪ್ರೆಸೆಂಟ್ ಸಾರ್" ಎಂದು ಟೈಪ್ ಮಾಡುತ್ತಿದ್ದೆ. ಪ್ರಾಕ್ಸಿ ಹಾಕದವಳು ಎಂಥ ಗೆಳತಿ? ಆಮೇಲೆ ಊಟ ಬಿಟ್ಟಳು. "ಏನೂ ಸೇರ್ತಿಲ್ಲ ಕಣೆ. ತಟ್ಟೆ ಹಾಗೇ ಇದ್ರೆ ವಾರ್ಡನ್ ನಮ್ಮಮ್ಮಂಗೆ ಫೋನ್ ಮಾಡ್ತಾರೆ. ನೀನೇ ಖಾಲಿ ಮಾಡಿಡು ಪ್ಲೀಸ್" ಎಂದು ಮೆಸೇಜು ಹಾಕಿದಳು. ಇದೂ ಒಂದು ಪ್ರಾಕ್ಸಿ ಎಂದುಕೊಂಡೆ. ಕಾರಿಡಾರಿನಲ್ಲಿ ಯಾರೂ ಇಲ್ಲದಾಗ ಅವಳ ಅನ್ನ ಸಾರನ್ನು ನನ್ನ ಕಸದ ಕವರಿಗೆ ಸುರಿದು, ತಟ್ಟೆಯನ್ನು ಮತ್ತೆ ಅವಳ ಬಾಗಿಲಲ್ಲಿಡುತ್ತಿದ್ದೆ. ಮಹಾ ಉಪಕಾರ ಮಾಡುತ್ತಿದ್ದೇನೆಂಬ ಹೆಮ್ಮೆ ಬೇರೆ.

ನಾಲ್ಕನೇ ದಿನ ಮಧ್ಯಾಹ್ನ ಅಕ್ಕ ಅವಳ ತಟ್ಟೆ ಎತ್ತಿಕೊಂಡವರು ಮುಂದೆ ಹೋಗಲಿಲ್ಲ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ನಾನು ಬಾಗಿಲ ಸಂದಿಯಿಂದ ಇಣುಕುತ್ತಿದ್ದೆ. ನೇರ ನನ್ನ ಬಾಗಿಲಿಗೇ ಬಂದರು.

"ಇದು ಉಂಡ ತಾಟಲ್ಲ ತಂಗಿ. ಇದರಾಗ ಬೆರಳಾಡಿಲ್ಲ. ಸಾರು ಒಂದ ಕಡೆ ಹರದೈತಿ. ಯಾರೋ ಸುರುವ್ಯಾರ. ನೀನಾ?"

ವರ್ಷಗಟ್ಟಲೆ ನಮ್ಮ ಎಂಜಲು ತೊಳೆದವರ ಕಣ್ಣಿಗೆ ಮಣ್ಣೆರಚಲು ಹೋಗಿದ್ದೆ. ನಾನಲ್ಲ ಎಂದೆ. ಅವರು ಕದಲಲಿಲ್ಲ. ಮತ್ತೆ ಕೇಳಿದಾಗ ತಲೆ ತಗ್ಗಿಸಿದೆ.

ಅಕ್ಕ ಎದುರು ಬಾಗಿಲು ಬಡಿದರು. ಉತ್ತರವಿಲ್ಲ. ನಾನು ಫೋನ್ ಮಾಡಿದೆ, ಒಳಗೆ ರಿಂಗಾಗಿ ರಿಂಗಾಗಿ ನಿಂತುಹೋಯಿತು. ಅಕ್ಕ ನೆಲದ ಮೇಲೆ ಕೂತು ಬಾಗಿಲಿಗೆ ಬಾಯಿ ಹಚ್ಚಿದರು.

"ಯವ್ವಾ, ಉಣಬ್ಯಾಡ. ಮಾತಾಡಬ್ಯಾಡ. ಚಿಲಕ ಒಂದ ತೆಗಿ, ಸಾಕು."

ಅದನ್ನೇ ಎಷ್ಟು ಸಲ ಹೇಳಿದರೋ... ಕೊನೆಗೆ ಚಿಲಕ ಸರಿದ ಸದ್ದಾಯಿತು. ಪಲ್ಲವಿ ಗೋಡೆ ಹಿಡಿದು ನಿಂತಿದ್ದಳು, ತುಟಿ ಬಿರಿದಿತ್ತು. "ಬದುಕೋದೇ ಬೇಡ ಅನ್ನಿಸ್ತಿದೆ ಅಕ್ಕ" ಅಂದಳು. ಅಕ್ಕ ನಿಯಮ ಗಿಯಮ ನೋಡದೆ ಒಳಗೆ ನುಗ್ಗಿ ಅವಳನ್ನು ತಬ್ಬಿಕೊಂಡರು. ನಾನು ಹೊಸ್ತಿಲಾಚೆಯೇ ನಿಂತಿದ್ದೆ.

ಅವತ್ತೇ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಪ್ರಯಾಣದ ಪಾಸ್ ಮಾಡಿಸಿಕೊಂಡು ಅವಳಮ್ಮ ಬಂದರು. ತಿಂಗಳುಗಟ್ಟಲೆ ಚಿಕಿತ್ಸೆ ನಡೆಯಿತು. ನಿಯಮ ಮುರಿದು ಕೋಣೆಗೆ ಹೋದರೆಂದು ಮೆಸ್ಸಿನ ಗುತ್ತಿಗೆದಾರ ಅಕ್ಕನನ್ನು ಕೆಲಸದಿಂದ ತೆಗೆದ. ತಟ್ಟೆ ಖಾಲಿ ಮಾಡಿದವಳು ಯಾರೆಂದು ಅಕ್ಕ ಬಾಯಿ ಬಿಡಲಿಲ್ಲ. ವಾರ್ಡನ್ ವಿಚಾರಿಸಿದಾಗ ನಾನೂ ಬಿಡಲಿಲ್ಲ. ನಾಚಿಕೆಯಾಗುತ್ತದೆ. ಗೇಟು ತೆರೆದ ಮೇಲೆ ಕಾಡುಗೋಡಿಯ ಶೆಡ್ಡುಗಳಲ್ಲಿ ಹುಡುಕಿದೆ. ಊರಿಗೆ ಹೋದರೆಂದು ಒಬ್ಬರು, ಪೀಣ್ಯಕ್ಕೆ ಹೋದರೆಂದು ಇನ್ನೊಬ್ಬರು. ಈಗ ಆ ಶೆಡ್ಡುಗಳೂ ಇಲ್ಲ.

ಪಲ್ಲವಿ ಚೆನ್ನಾಗಿದ್ದಾಳೆ. ತನ್ನ ಪ್ರತಿ ಹುಟ್ಟುಹಬ್ಬಕ್ಕೂ ಫೋನ್ ಮಾಡಿ, "ನೀನು ಅವತ್ತು ಅಕ್ಕಂಗೆ ಹೇಳದೆ ಇದ್ದಿದ್ರೆ ನಾನು ಇರ್ತಿರ್ಲಿಲ್ಲ ಕಣೆ" ಅನ್ನುತ್ತಾಳೆ. ಇಷ್ಟು ವರ್ಷ ಹೂಂ ಎನ್ನುತ್ತಲೇ ಬಂದೆ. ಮೊನ್ನೆ ಮಾತ್ರ ತಡೆಯಲಾಗದೆ ನಾನೇ ಫೋನ್ ಮಾಡಿದೆ. ನಾನು ಹೇಳಲಿಲ್ಲ, ಅಕ್ಕನೇ ಕಂಡುಹಿಡಿದರು, ನಾನು ಮೊದಲು ಸುಳ್ಳು ಹೇಳಿದೆ, ಅಕ್ಕನ ಕೆಲಸ ಹೋದಾಗಲೂ ಸುಮ್ಮನಿದ್ದೆ... ಎಲ್ಲ ಹೇಳಿದೆ.

ಅವಳು ಎಲ್ಲ ಕೇಳಿಸಿಕೊಂಡು, "ಅಕ್ಕ ಈಗ ಎಲ್ಲಿದ್ದಾರೆ?" ಎಂದು ಕೇಳಿದಳು.

ಗೊತ್ತಿಲ್ಲ ಎಂದೆ.

"ಹೆಸರಾದ್ರೂ ಹೇಳು" ಎಂದಳು. ಅದೂ ನನಗೆ ಗೊತ್ತಿರಲಿಲ್ಲ.