ಅಣ್ಣನ ನೀಲಿ ಕಲ್ಲು

ಮನೆಗೆ ಬಂದವರಿಗೆ ಅಣ್ಣ ಯಾವತ್ತೂ ಕೂತ್ಕೊಳ್ಳಿ ಎಂದವನಲ್ಲ. "ಛತ್ರಿ ಹೊರಗೇ ಇಡಿ. ಒದ್ದೆ ಕೋಟು ಒಳಗೆ ತರಬೇಡಿ," ಎನ್ನುತ್ತಿದ್ದ. ನಾವಿದ್ದ ಹೊರದೇಶದ ಊರು ಹೇಸ್‌ನಲ್ಲಿ ಮಳೆ ಬಾರದ ವಾರವಿಲ್ಲ. ಒಮ್ಮೆ ಬಂದವರು ಮತ್ತೆ ಬರುತ್ತಿರಲಿಲ್ಲ.

ಕಾರಣ, ಅವನು ಗಾಜಿನ ಡಬ್ಬಿಯಲ್ಲಿಟ್ಟಿದ್ದ ನೀಲಿ ಕಲ್ಲು. ಕ್ರೋನ್‌ಕೈಟ್ ಎಂದು ಅದರ ಹೆಸರು. ತಾಮ್ರ ಬೆರೆತ ಅಪರೂಪದ ಸಲ್ಫೇಟ್ ಖನಿಜ. ಚಿಲಿಯ ಮರುಭೂಮಿಯಂಥ, ವರ್ಷಗಟ್ಟಲೆ ಹನಿ ಬೀಳದ ಕಡೆ ಮಾತ್ರ ಸಿಗುತ್ತದೆ; ನೀರು ತಾಗಿದರೆ ಕರಗುತ್ತದೆ. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ ಅಣ್ಣ ಅದನ್ನು ಕಲ್ಲು ಮಾರುವವರ ಸಂತೆಯೊಂದರಲ್ಲಿ ಕೊಂಡಿದ್ದ. ನಾವಿಬ್ಬರಿದ್ದ ಬಾಡಿಗೆ ಮನೆಯ ಗೋಡೆಗಳಿಗೆಲ್ಲ ಬೂಷ್ಟು. ತೇವ ಹೀರುವ ಯಂತ್ರ ಒಂದೇ, ಅದು ಕಲ್ಲಿನ ಕೋಣೆಗೆ. ನಾನು ಕೆಮ್ಮುತ್ತಾ ಕೇಳಿದರೆ, "ನೀನು ಕರಗಲ್ವಲ್ಲ," ಎಂದ.

ಒಂದು ಬೇಸಿಗೆಯಲ್ಲಿ ಮೈಸೂರಿನಿಂದ ಅಮ್ಮ ಬಂದಳು. ಮಗ ಇಷ್ಟು ಮಡಿಯಿಂದ ಕಾಯುವ ಕಲ್ಲು ದೇವರೇ ಇರಬೇಕು ಅಂದುಕೊಂಡಳು. ಅದಕ್ಕೆ ಹೂವಿಲ್ಲ, ದೀಪವಿಲ್ಲ ಎಂದು ಕೊರಗಿದಳು. ಶುಕ್ರವಾರ ನಾವಿಬ್ಬರೂ ಕೆಲಸಕ್ಕೆ ಹೋಗಿದ್ದಾಗ ಅದಕ್ಕೆ ನೀರಿನ ಅಭಿಷೇಕ ಮಾಡಿ ಕುಂಕುಮ ಇಟ್ಟಳು. ನಾವು ಬಂದಾಗ ಕಲ್ಲು ಅರ್ಧಕ್ಕರ್ಧ ಸವೆದಿತ್ತು. ಅಮ್ಮನ ಕೈಯಲ್ಲಿ ಬಟ್ಟಲು, ಅದರ ತುಂಬ ನೀಲಿ ನೀರು.

"ಬಾ ಮಗಾ, ತೀರ್ಥ ತಗೋ."

ಅಣ್ಣ ಬಟ್ಟಲನ್ನು ಹೊಡೆದು ಬೀಳಿಸಿದ. "ಕುಡಿದ್ಯಾ? ವಿಷ ಅದು!"

"ಇಲ್ವೋ. ನೀನು ಬರ್ಲಿ ಅಂತ ಕಾಯ್ತಿದ್ದೆ."

"ಮುಟ್ಟು ಅಂತ ಯಾರು ಹೇಳಿದ್ರು ನಿಂಗೆ? ಹೊರಡು, ಊರಿಗೆ ಹೊರಡು ಮೊದ್ಲು."

ಅಮ್ಮ ಮೈಸೂರಿಗೆ, ನಮ್ಮ ಅಕ್ಕನ ಮನೆಗೆ ಮರಳಿದಳು. ಆಮೇಲೆ ಅಣ್ಣ ಅವಳ ಜೊತೆ ಮಾತಾಡಲಿಲ್ಲ. ಅವಳು ಫೋನ್ ಮಾಡಿದರೆ ಕೋಣೆಯಿಂದ ಎದ್ದು ಹೋಗುತ್ತಿದ್ದ. "ಹೆತ್ತ ತಾಯಿ ಕಣೋ," ಎಂದರೆ, "ನೀನು ಮಾತಾಡ್ತಿದ್ದೀಯಲ್ಲ, ಸಾಕು," ಎನ್ನುತ್ತಿದ್ದ.

ಕಳೆದ ಚಳಿಗಾಲ ಕ್ಯಾನ್ಸರ್ ಅವನನ್ನು ಹಾಸಿಗೆಗೆ ಕೆಡವಿತು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರ್ ಹೇಳಿದ ಮೇಲೆ, ಆಸ್ಪತ್ರೆಯಿಂದ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ಫೋನನ್ನು ಅವನ ಮುಂದೆ ಹಿಡಿದೆ.

"ಮಗಾ, ನಂದು ತಪ್ಪಾಯ್ತು ಕಣೋ. ಒಂದು ಮಾತಾಡು."

ಅವನು ಕಷ್ಟಪಟ್ಟು ಕೈ ಎತ್ತಿದ. ಫೋನನ್ನು ಹೊದಿಕೆಯ ಮೇಲೆ ಮಗುಚಿ ಹಾಕಿದ. ಕಣ್ಣು ಮುಚ್ಚಿಕೊಂಡ. ಮರುದಿನ ಹೋದ.

ಎಲ್ಲ ಮುಗಿದ ಮೇಲೆ ಅಮ್ಮನಿಗೆ, "ಅವತ್ತು ನೆಟ್‌ವರ್ಕ್ ಹೋಯ್ತಮ್ಮ," ಎಂದೆ.

"ಇಲ್ಲ ಕಣೆ, ಅವನೇ ಮಗುಚಿದ್ದು. ಕೈ ಕಾಣಿಸ್ತು," ಎಂದಳು. "ಎಷ್ಟು ಸಣ್ಣಗಾಗಿತ್ತಲ್ಲೇ ಆ ಕೈ. ಏನೂ ತಿಂತಿರ್ಲಿಲ್ವಾ ಅವನು?"